ಕರುಳನ್ನು ತೊಳೆಯಬೇಕೆ?

(ಸಂಘದ ಸದಸ್ಯರು ಹಾಗೂ ವಿದ್ಯಾರ್ಥಿಗಳಿಗಾಗಿ ನಡೆದ ಆರೋಗ್ಯ ಮಾಹಿತಿ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಇಂದು ನನಗೆ ಕೊಟ್ಟಿರುವ ವಿಷಯ ಸಭೆಯಲ್ಲಿ ಮಾತನಾಡಲು ಸ್ವಲ್ಪ ಸಂಕೋಚದ್ದು. ಹೊಟ್ಟೆ ಸರಿಯಾಗಿ ಹೋಗುವುದಿಲ್ಲ ಎಂಬುದನ್ನು ನಾವು ಮನೆಯವರ ಮುಂದೆಯೂ ಮೆಲುದನಿಯಲ್ಲಿ ಹೇಳುತ್ತೇವೆ. ಆದರೆ ಈ ಸಂಕೋಚವೇ ಕೆಲವರಿಗೆ ಬಂಡವಾಳವಾಗಿದೆ. ವೈದ್ಯರ ಬಳಿ ಹೇಳಲು ನಾಚಿಕೊಳ್ಳುವವರು ಜಾಹೀರಾತು ನೋಡಿ ಗುಟ್ಟಾಗಿ ಪುಡಿ ತರಿಸಿಕೊಳ್ಳುತ್ತಾರೆ. “ನಿಮ್ಮ ಕರುಳಿನಲ್ಲಿ ವರ್ಷಗಳಿಂದ ಕೊಳೆ ಅಂಟಿಕೊಂಡಿದೆ, ಅದೇ ನಿಮ್ಮ ಎಲ್ಲ ರೋಗಗಳಿಗೂ ಮೂಲ, ಇದನ್ನು ಏಳು ದಿನ ಕುಡಿಯಿರಿ” ಎಂಬ ಮಾತು ಮೊಬೈಲ್ ತೆರೆದರೆ ಸಾಕು, ಕಿವಿಗೆ ಬೀಳುತ್ತದೆ. ಮೊಡವೆ, ತಲೆನೋವು, ಆಯಾಸ, ಬೊಜ್ಜು, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎಲ್ಲದಕ್ಕೂ ಒಂದೇ ಮದ್ದು ಎಂದು ಹೇಳುವವರೂ ಇದ್ದಾರೆ.

ಆದುದರಿಂದ ಮೂರು ಪ್ರಶ್ನೆಗಳನ್ನು ಕೇಳೋಣ. ಕರುಳನ್ನು ತೊಳೆಯುವುದರಿಂದ ಪ್ರಯೋಜನವಿದೆಯೇ? ಅದು ಅಗತ್ಯವೇ? ಅದರಿಂದ ಅಪಾಯವುಂಟೇ? ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆರೋಗ್ಯವಂತರಿಗೆ ಅದರಿಂದ ಪ್ರಯೋಜನವಿದೆ ಎಂಬುದಕ್ಕೆ ಪುರಾವೆಯಿಲ್ಲ, ಅದರ ಅಗತ್ಯವಿಲ್ಲ, ಕೆಲವೊಮ್ಮೆ ಅದು ಪ್ರಾಣಕ್ಕೂ ಎರವಾಗಿದೆ. ಹೀಗೆ ಹೇಳಲು ಕಾರಣವೇನು ಎಂಬುದನ್ನು ನೀವೇ ತೂಗಿ ನೋಡಬೇಕು.

ಕರುಳು ಮಾಡುವ ಕೆಲಸ

ನಾವು ತಿಂದ ಅನ್ನ ಜಠರ ದಾಟಿ ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿಗೆ, ಅಲ್ಲಿಂದ ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳಿಗೆ ಬರುತ್ತದೆ. ಆಹಾರದ ಸತ್ವವನ್ನು ಹೀರುವ ಕೆಲಸ ಬಹುಪಾಲು ಸಣ್ಣ ಕರುಳಿನಲ್ಲೇ ಮುಗಿಯುತ್ತದೆ. ದೊಡ್ಡ ಕರುಳಿನ ಮುಖ್ಯ ಕೆಲಸ ನೀರು ಮತ್ತು ಲವಣಗಳನ್ನು ಉಳಿಸಿಕೊಳ್ಳುವುದು.

ಇದರ ಲೆಕ್ಕ ಕೇಳಿದರೆ ಆಶ್ಚರ್ಯವಾಗುತ್ತದೆ. ದಿನವೊಂದಕ್ಕೆ ನಾವು ಕುಡಿದ ನೀರು, ಆಹಾರದ ನೀರು, ಜೊಲ್ಲು, ಜಠರರಸ, ಪಿತ್ತರಸ ಎಲ್ಲ ಸೇರಿ ಸುಮಾರು 9 ಲೀಟರ್ ದ್ರವ ಸಣ್ಣ ಕರುಳಿಗೆ ಬರುತ್ತದೆ. ಅದರಲ್ಲಿ ದೊಡ್ಡ ಕರುಳಿಗೆ ತಲುಪುವುದು ಒಂದೂವರೆ ಲೀಟರ್‌ನಷ್ಟು ಮಾತ್ರ. ಮಲದೊಂದಿಗೆ ಹೊರಹೋಗುವುದಂತೂ 100ರಿಂದ 200 ಮಿಲಿಲೀಟರ್. ಉಳಿದದ್ದೆಲ್ಲ ರಕ್ತಕ್ಕೆ ವಾಪಸ್ಸು. ಈ ಏರ್ಪಾಡನ್ನು ಬಲವಂತದ ಭೇದಿಯಿಂದ ಕೆಡಿಸಿದರೆ ಏನಾಗಬಹುದೆಂದು ನೀವೇ ಊಹಿಸಿಕೊಳ್ಳಿ.

ಇನ್ನು ಕೊಳೆ ಅಂಟಿಕೊಳ್ಳುವ ಮಾತು. ಕರುಳಿನ ಒಳಗೋಡೆ ಸಿಮೆಂಟಿನ ಕೊಳವೆಯಂತೆ ಸತ್ತ ವಸ್ತುವಲ್ಲ. ಅದರ ಮೇಲ್ಪದರದ ಜೀವಕೋಶಗಳು ಮೂರರಿಂದ ಐದು ದಿನಗಳಿಗೊಮ್ಮೆ ಉದುರಿ ಹೊಸದಾಗುತ್ತವೆ. ಅದರ ಮೇಲೆ ಲೋಳೆಯ ಪದರವಿದೆ. ಕರುಳಿನ ಸ್ನಾಯುಗಳು ಅಲೆಯಲೆಯಾಗಿ ಸಂಕುಚಿಸಿ ಮಲವನ್ನು ಮುಂದಕ್ಕೆ ದೂಡುತ್ತಲೇ ಇರುತ್ತವೆ. ಗೋಡೆಯೇ ವಾರಕ್ಕೊಮ್ಮೆ ಹೊಸದಾಗುವಾಗ ಹತ್ತು ವರ್ಷದ ಹಳೆಯ ಕೊಳೆ ಯಾವುದಕ್ಕೆ ಅಂಟಿಕೊಂಡಿರಬೇಕು? ಕೊಲೊನೋಸ್ಕೋಪಿಯಲ್ಲಿ ಕ್ಯಾಮೆರಾ ಇಳಿಸಿ ಕರುಳನ್ನು ದಿನವೂ ನೋಡುವ ವೈದ್ಯರಿಗೂ, ಶಸ್ತ್ರಚಿಕಿತ್ಸಕರಿಗೂ ಜಾಹೀರಾತಿನವರು ಹೇಳುವ ಆ ಪದರ ಕಾಣಸಿಕ್ಕಿಲ್ಲ.

ದೇಹದಲ್ಲಿ ವಿಷ ತೆಗೆಯುವ ವ್ಯವಸ್ಥೆ ಇಲ್ಲವೇ ಎಂದರೆ, ಇದೆ. ಯಕೃತ್ತು ಮತ್ತು ಮೂತ್ರಪಿಂಡಗಳು ಆ ಕೆಲಸಕ್ಕೇ ಇರುವಂಥವು. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. “ಡಿಟಾಕ್ಸ್” ಎಂದು ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ಯಾವ ವಿಷ? ಅದರ ಹೆಸರೇನು? ಔಷಧಿಗೆ ಮೊದಲು ರಕ್ತದಲ್ಲಿ ಎಷ್ಟಿತ್ತು, ನಂತರ ಎಷ್ಟಾಯಿತು? ಈ ಪ್ರಶ್ನೆಗೆ ಅವರಿಂದ ನೇರ ಉತ್ತರ ಬರುವುದಿಲ್ಲ.

ದೊಡ್ಡ ಕರುಳಿನಲ್ಲಿ ನೆಲೆಸಿರುವ ಜೀವಾಣುಗಳನ್ನೂ ಮರೆಯಬಾರದು. ಒಬ್ಬ ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇರಬಹುದೆಂದು 2016ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಇವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ನಾವು ಜೀರ್ಣಿಸಲಾಗದ ನಾರನ್ನು ಇವು ಒಡೆದು ಕರುಳಿನ ಜೀವಕೋಶಗಳಿಗೇ ಆಹಾರ ಒದಗಿಸುತ್ತವೆ, ‘ಕೆ’ ಜೀವಸತ್ವವನ್ನು ತಯಾರಿಸುತ್ತವೆ, ರೋಗಾಣುಗಳಿಗೆ ಜಾಗ ಸಿಗದಂತೆ ತಡೆಯುತ್ತವೆ. ಕೊಳೆಯೆಂದು ತೊಳೆಯಹೊರಟಾಗ ಈ ಉಪಕಾರಿಗಳೂ ಕೊಚ್ಚಿಹೋಗುತ್ತವೆ.

ಈ ನಂಬಿಕೆ ಬಂದದ್ದೆಲ್ಲಿಂದ?

ಹೊಟ್ಟೆಯಲ್ಲಿ ಕೊಳೆತದ್ದೇ ರೋಗಕ್ಕೆ ಕಾರಣ ಎಂಬ ವಿಚಾರ ಬಹಳ ಹಳೆಯದು. ಪ್ರಾಚೀನ ಈಜಿಪ್ಟಿನ ವೈದ್ಯರಲ್ಲಿ ಅದಿತ್ತು. ನಂತರ ಗ್ರೀಕರಲ್ಲಿ, ಅವರಿಂದ ಯುನಾನಿಯಲ್ಲಿ ದೇಹದ ದ್ರವಗಳ ಸಮತೋಲನದ ಸಿದ್ಧಾಂತ ಬೆಳೆಯಿತು. ನಮ್ಮ ಆಯುರ್ವೇದದಲ್ಲಿ ವಿರೇಚನ, ಬಸ್ತಿ ಇವೆ. ಆ ಕಾಲದ ವೈದ್ಯರ ಬಳಿ ಸೂಕ್ಷ್ಮದರ್ಶಕವಿರಲಿಲ್ಲ, ರಕ್ತ ಪರೀಕ್ಷೆ ಇರಲಿಲ್ಲ. ಕಣ್ಣಿಗೆ ಕಂಡದ್ದರಿಂದ ಅವರು ತರ್ಕಿಸಿದರು.

19ನೇ ಶತಮಾನದ ಕೊನೆಯಲ್ಲಿ ಯುರೋಪಿನಲ್ಲಿ ಇದಕ್ಕೆ ವಿಜ್ಞಾನದ ವೇಷ ಬಂತು. ಕರುಳಿನ ಮಲವೇ ರಕ್ತಕ್ಕೆ ವಿಷವಾಗಿ ಸೇರುತ್ತದೆ ಎಂಬುದನ್ನು “ಸ್ವಯಂ ವಿಷಬಾಧೆ” ಎಂದು ಕರೆದರು. ಫ್ರಾನ್ಸಿನ ವೈದ್ಯ ಶಾರ್ಲ್ ಬುಷಾರ್ ಇದನ್ನು ಪ್ರಚಾರಕ್ಕೆ ತಂದವರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಎಲಿ ಮೆಚ್ನಿಕಾಫ್ ದೊಡ್ಡ ಕರುಳಿನ ಜೀವಾಣುಗಳೇ ಮುಪ್ಪಿಗೆ ಕಾರಣವೆಂದು ಭಾವಿಸಿದರು. ಅವರಿಗೆ 1908ರಲ್ಲಿ ನೊಬೆಲ್ ಪ್ರಶಸ್ತಿ ಬಂದದ್ದು ನಿಜ. ಆದರೆ ಅದು ಬಂದದ್ದು ರೋಗನಿರೋಧಕ ಶಕ್ತಿಯ ಸಂಶೋಧನೆಗೆ, ಈ ಊಹೆಗಲ್ಲ. ಅಮೆರಿಕದ ಬ್ಯಾಟಲ್ ಕ್ರೀಕ್‌ನಲ್ಲಿ ಜಾನ್ ಹಾರ್ವೆ ಕೆಲಾಗ್ ತಮ್ಮ ಆರೋಗ್ಯಧಾಮಕ್ಕೆ ಬಂದವರಿಗೆ ಎನಿಮಾ ಕೊಡಿಸುತ್ತಿದ್ದರು. ಲಂಡನ್ನಿನ ಪ್ರಸಿದ್ಧ ಶಸ್ತ್ರಚಿಕಿತ್ಸಕ ಸರ್ ವಿಲಿಯಂ ಆರ್ಬತ್ನಾಟ್ ಲೇನ್ ಇನ್ನೂ ಮುಂದೆ ಹೋಗಿ, ಮಲಬದ್ಧತೆಗೆ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯಲಾರಂಭಿಸಿದರು. ಒಂದು ತಪ್ಪು ಕಲ್ಪನೆ ಎಲ್ಲಿಯವರೆಗೆ ಕರೆದೊಯ್ಯಬಲ್ಲದು ಎಂಬುದಕ್ಕೆ ಇದೊಂದು ಉದಾಹರಣೆ.

ನಂತರ ಪರೀಕ್ಷೆಗಳು ನಡೆದವು. 1919ರಲ್ಲಿ ಅಮೆರಿಕದ ವೈದ್ಯ ವಾಲ್ಟರ್ ಆಲ್ವರೆಜ್ ಒಂದು ಸರಳ ಪ್ರಶ್ನೆ ಎತ್ತಿದರು. ಮಲಬದ್ಧತೆಯ ತಲೆನೋವು, ಮಂಕು ಹೊಟ್ಟೆ ಖಾಲಿಯಾದ ಕೂಡಲೇ ಇಳಿಯುತ್ತದಲ್ಲ? ರಕ್ತದಲ್ಲಿ ವಿಷ ಸೇರಿದ್ದರೆ ಅಷ್ಟು ಬೇಗ ಹೇಗೆ ಇಳಿದೀತು? 1922ರಲ್ಲಿ ಡೊನಾಲ್ಡ್‌ಸನ್ ಎಂಬ ಮತ್ತೊಬ್ಬ ವೈದ್ಯರು ಆರೋಗ್ಯವಂತರ ಗುದದೊಳಗೆ ಬರಿಯ ಹತ್ತಿಯನ್ನು ತುಂಬಿ ನೋಡಿದರು. ಅದೇ ತಲೆನೋವು, ಅದೇ ಅಸೌಖ್ಯ ಕಾಣಿಸಿತು. ಹತ್ತಿಯಲ್ಲಿ ಯಾವ ವಿಷವಿತ್ತು? ಅಂದರೆ ತೊಂದರೆ ಕೊಡುತ್ತಿದ್ದದ್ದು ವಿಷವಲ್ಲ, ಕರುಳು ಬಿಗಿದು ಹಿಗ್ಗಿದ್ದು. ಅಲ್ಲಿಂದ ವೈದ್ಯಲೋಕ ಆ ಸಿದ್ಧಾಂತವನ್ನು ಕೈಬಿಟ್ಟಿತು. ನೂರು ವರ್ಷಗಳ ಹಿಂದೆ ವೈದ್ಯರು ಬಿಟ್ಟದ್ದನ್ನು ಇಂದು ವ್ಯಾಪಾರಿಗಳು ಹೊಸ ಹೆಸರಿನಲ್ಲಿ ಮಾರುತ್ತಿದ್ದಾರೆ.

“ಆದರೆ ಹೊರಬಂದದ್ದನ್ನು ನೋಡಿದೆನಲ್ಲ!”

ಇಂಥ ಮಾತ್ರೆ ತೆಗೆದುಕೊಂಡವರು ಹೀಗೆ ಹೇಳುವುದುಂಟು. ಹಗ್ಗದಂತೆ, ರಬ್ಬರಿನಂತೆ ಉದ್ದನೆಯ ಲೋಳೆ ಹೊರಬಂತು, ಅದೇ ಹಳೆಯ ಕೊಳೆ ಎಂದು. ಮಾತ್ರೆಯ ಡಬ್ಬಿಯ ಮೇಲೆ ಬರೆದದ್ದನ್ನು ಓದಿ. ಇವುಗಳಲ್ಲಿ ಹಲವದರಲ್ಲಿ ಇಸಬ್ಗೋಲ್ ಸಿಪ್ಪೆ ಮತ್ತು ಬೆಂಟೊನೈಟ್ ಎಂಬ ಜೇಡಿಮಣ್ಣು ಇರುತ್ತದೆ. ಎರಡೂ ನೀರು ಹೀರಿ ಊದಿಕೊಂಡು ಅಂಟಾಗುತ್ತವೆ. ಕರುಳಿನ ಆಕಾರವನ್ನೇ ಪಡೆದು ಹೊರಬರುತ್ತವೆ. ಒಂದು ಲೋಟ ನೀರಿಗೆ ಎರಡು ಚಮಚ ಇಸಬ್ಗೋಲ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ನೋಡಿ, ಎಂಥ ಲೋಳೆಯಾಗುತ್ತದೆಂದು ತಿಳಿಯುತ್ತದೆ. ಬೆಳಿಗ್ಗೆ ನುಂಗಿದ ಮಾತ್ರೆಯೇ ಮರುದಿನ “ಕೊಳೆ”ಯಾಗಿ ಕಾಣಿಸಿಕೊಳ್ಳುತ್ತದೆ!

“ತೂಕ ಇಳಿಯಿತು” ಎನ್ನುವವರೂ ಇದ್ದಾರೆ. ವಿಶೇಷವಾಗಿ ನಮ್ಮ ಕಾಲೇಜು ಹೆಣ್ಣುಮಕ್ಕಳು ಇದನ್ನು ಗಮನವಿಟ್ಟು ಕೇಳಬೇಕು. ಭೇದಿಯಿಂದ ಇಳಿಯುವುದು ನೀರಿನ ತೂಕ. ಕೊಬ್ಬು ಕರಗುವುದಿಲ್ಲ. ಆಹಾರದ ಶಕ್ತಿಯನ್ನು ಸಣ್ಣ ಕರುಳು ಮೊದಲೇ ಹೀರಿಕೊಂಡಿರುತ್ತದೆ, ಭೇದಿ ಔಷಧಿಯ ಕೆಲಸ ನಡೆಯುವುದು ಹೆಚ್ಚಾಗಿ ಅದರ ನಂತರ. 1983ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಔಷಧಿಯಿಂದ 4ರಿಂದ 6 ಲೀಟರ್ ಭೇದಿಯಾದರೂ ದೇಹಕ್ಕೆ ಸೇರುವ ಕ್ಯಾಲೊರಿಯಲ್ಲಿ ಕಡಿಮೆಯಾದದ್ದು ಶೇಕಡ 12ರಷ್ಟು ಮಾತ್ರ. ಎರಡು ಲೋಟ ನೀರು ಕುಡಿದರೆ ಇಳಿದ ತೂಕ ಮರಳಿ ಬರುತ್ತದೆ. ತೆಳ್ಳಗಾಗಲು ದಿನವೂ ಭೇದಿ ಔಷಧಿ ತೆಗೆದುಕೊಳ್ಳುವ ಅಭ್ಯಾಸ ಹತ್ತಿದ್ದರೆ ಅದು ಚಿಕಿತ್ಸೆ ಬೇಕಾದ ಕಾಯಿಲೆ. ಅಂಥ ಮಗಳನ್ನು ಬೈಯದೆ ವೈದ್ಯರ ಬಳಿ ಕರೆದೊಯ್ಯಬೇಕು.

ಅಪಾಯಗಳೇನು?

ಯಂತ್ರದ ಮೂಲಕ ಗುದದ್ವಾರದಿಂದ ನೀರು ಹಾಯಿಸಿ ಕರುಳು ತೊಳೆಯುವ ಕೇಂದ್ರಗಳಿವೆ. ಒಂದು ಬಾರಿಗೆ 60 ಲೀಟರ್‌ವರೆಗೂ ನೀರು ಹಾಯಿಸುವುದುಂಟು. ಈ ನೀರಿನಲ್ಲಿ ಒಂದಿಷ್ಟು ರಕ್ತಕ್ಕೆ ಸೇರಿ ಸೋಡಿಯಂ ಪ್ರಮಾಣವನ್ನು ತಗ್ಗಿಸಬಹುದು. ಪೊಟ್ಯಾಸಿಯಂ ಏರುಪೇರಾದರೆ ಹೃದಯದ ಬಡಿತ ತಪ್ಪಬಹುದು. ಕೊಳವೆ ತಗಲಿ ಅಥವಾ ಒತ್ತಡ ಹೆಚ್ಚಾಗಿ ಕರುಳು ತೂತಾಗಬಹುದು. ಆಗ ತುರ್ತು ಶಸ್ತ್ರಚಿಕಿತ್ಸೆ ಆಗದಿದ್ದರೆ ಜೀವ ಉಳಿಯುವುದು ಕಷ್ಟ.

ಸೋಂಕಿನ ಒಂದು ಘಟನೆ ವೈದ್ಯಕೀಯ ದಾಖಲೆಯಲ್ಲಿದೆ. ಅಮೆರಿಕದ ಪಶ್ಚಿಮ ಕೊಲರಾಡೊದ ಒಂದು ಚಿಕಿತ್ಸಾಲಯದಲ್ಲಿ ಕರುಳು ತೊಳೆಸಿಕೊಂಡವರ ಪೈಕಿ ಕನಿಷ್ಠ 36 ಮಂದಿಗೆ 1978ರ ಜೂನ್‌ನಿಂದ 1980ರ ಡಿಸೆಂಬರ್ ಒಳಗೆ ಅಮೀಬಾ ಸೋಂಕು ತಗಲಿತು. ಹತ್ತು ಮಂದಿಯ ದೊಡ್ಡ ಕರುಳನ್ನು ಕತ್ತರಿಸಿ ತೆಗೆಯಬೇಕಾಯಿತು, ಅವರಲ್ಲಿ ಆರು ಮಂದಿ ತೀರಿಕೊಂಡರು. ಎಂದಿನಂತೆ ಶುಚಿ ಮಾಡಿದ ನಂತರವೂ ಆ ಯಂತ್ರದಲ್ಲಿ ಮಲದ ಜೀವಾಣುಗಳು ಹೇರಳವಾಗಿದ್ದವು. ಶುದ್ಧಿಗೆಂದು ಹೋದವರಿಗೆ ಇನ್ನೊಬ್ಬರ ಕೊಳೆಯೇ ಸೇರಿತು.

ಕಾಫಿ ಡಿಕಾಕ್ಷನ್ನನ್ನು ಎನಿಮಾ ಕೊಡುವ ಪದ್ಧತಿಯೊಂದಿದೆ. ಅದರಿಂದ ಲವಣಾಂಶ ಏರುಪೇರಾಗಿ ಇಬ್ಬರು ಸತ್ತ ವರದಿ 1980ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ವೈದ್ಯರೇ ಬಳಸುತ್ತಿದ್ದ ಸೋಡಿಯಂ ಫಾಸ್ಫೇಟ್ ಎಂಬ ಭೇದಿ ಔಷಧಿ ಕೆಲವರ ಮೂತ್ರಪಿಂಡ ಕೆಡಿಸಿದ್ದು ಕಂಡುಬಂದು, 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ತನ್ನ ಅತ್ಯಂತ ಕಠಿಣ ಎಚ್ಚರಿಕೆಯನ್ನು ಹಾಕಿಸಿತು. 2011ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ವೈದ್ಯರು ಅಲ್ಲಿಯವರೆಗಿನ ವರದಿಗಳನ್ನೆಲ್ಲ ಪರಿಶೀಲಿಸಿದರು. ಪ್ರಯೋಜನಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಹೊಟ್ಟೆ ನುಲಿತ, ವಾಂತಿ, ಲವಣಾಂಶದ ಏರುಪೇರು, ಮೂತ್ರಪಿಂಡ ವೈಫಲ್ಯದವರೆಗೆ ಹಾನಿಯ ವರದಿಗಳು ಮಾತ್ರ ಸಿಕ್ಕಿದವು.

ಕಣ್ಣಿಗೆ ಕಾಣದ ಇನ್ನೊಂದು ಅಪಾಯವಿದೆ. ನನ್ನ ದೃಷ್ಟಿಯಲ್ಲಿ ನಮ್ಮ ಜನರಿಗೆ ಅದೇ ದೊಡ್ಡದು. ಮಲದಲ್ಲಿ ರಕ್ತ ಕಂಡವನು “ಉಷ್ಣ” ಎಂದೋ “ಮೂಲವ್ಯಾಧಿ” ಎಂದೋ ತಾನೇ ತೀರ್ಮಾನಿಸಿ ಪುಡಿ ಕುಡಿಯುತ್ತಾ ಆರು ತಿಂಗಳು ಕಳೆಯುತ್ತಾನೆ. ಅದು ದೊಡ್ಡ ಕರುಳಿನ ಕ್ಯಾನ್ಸರ್ ಆಗಿದ್ದರೆ, ಬೇಗ ಗುರುತಿಸಿದಾಗ ಗುಣವಾಗಬಹುದಾದ ರೋಗ ಅಷ್ಟರಲ್ಲಿ ಕೈಮೀರಿರುತ್ತದೆ. ಕಳೆದುಹೋದ ಹಣವನ್ನು ಮತ್ತೆ ದುಡಿಯಬಹುದು, ಕಳೆದುಹೋದ ಆರು ತಿಂಗಳನ್ನು ಯಾರೂ ತಂದುಕೊಡಲಾರರು.

ನಮ್ಮ ಮನೆಗಳ ರೂಢಿ

ಹಿಂದೆ ತಿಂಗಳಿಗೊಮ್ಮೆಯೋ ರಜೆಯಲ್ಲೋ ಮಕ್ಕಳನ್ನು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದರು. ಅಜ್ಜಿಯರ ಉದ್ದೇಶ ಒಳ್ಳೆಯದೇ, ಹೊಟ್ಟೆಯ ಹುಳು ಹೋಗಲಿ ಎಂದು. ಈಗ ಅದಕ್ಕೆ ಒಳ್ಳೆಯ ದಾರಿಯಿದೆ. 2015ರಿಂದ ನಮ್ಮ ದೇಶದಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಮಾತ್ರೆ ಉಚಿತವಾಗಿ ಕೊಡುತ್ತಾರೆ. ಅದನ್ನು ಕೊಡಿಸಿ, ಹರಳೆಣ್ಣೆ ಬೇಡ. ಚಿಕ್ಕ ಮಕ್ಕಳಿಗೆ ಭೇದಿ ಮಾಡಿಸಿದರೆ ಬೇಗ ನೀರು ಆರಿ ನಿತ್ರಾಣವಾಗುತ್ತಾರೆ.

ನಮ್ಮಲ್ಲಿ ಅನೇಕರ ಮನೆಯಲ್ಲಿ ಸನಾ ಮಕ್ಕಿ ಇರುತ್ತದೆ. ಕನ್ನಡದಲ್ಲಿ ಅದು ಸೋನಾಮುಖಿ. ಅದು ನಿಜವಾದ ಔಷಧಿಯೇ, ಆಧುನಿಕ ವೈದ್ಯರೂ ಮಲಬದ್ಧತೆಗೆ ಕೊಡುತ್ತಾರೆ. ಆದರೆ ಔಷಧಿ ಎಂದ ಮೇಲೆ ಅದಕ್ಕೆ ಅಳತೆ ಇದೆ, ಅವಧಿ ಇದೆ. “ಸ್ಲಿಮ್ ಟೀ” ಎಂದು ಮಾರುವ ಪೊಟ್ಟಣಗಳಲ್ಲಿ ಎಷ್ಟೋ ಸಲ ಇರುವುದು ಇದೇ ಸೊಪ್ಪು. ಗಿಡಮೂಲಿಕೆ ಎಂದ ಮಾತ್ರಕ್ಕೆ ತಿಂಗಳುಗಟ್ಟಲೆ ಕುಡಿಯಬಹುದೆಂದಲ್ಲ. ಯುನಾನಿಯಲ್ಲಿ ಮುಸ್‌ಹಿಲ್, ಆಯುರ್ವೇದದಲ್ಲಿ ವಿರೇಚನ ಎಂಬ ಚಿಕಿತ್ಸೆಗಳೂ ಎಲ್ಲರಿಗೂ ಒಂದೇ ಪೊಟ್ಟಣ ಎಂದು ಹೇಳುವುದಿಲ್ಲ. ಹಕೀಮರು, ವೈದ್ಯರು ರೋಗಿಯ ಬಲ, ವಯಸ್ಸು, ರೋಗ ನೋಡಿ ದಿನಗಟ್ಟಲೆ ಸಿದ್ಧತೆ ಮಾಡಿಸಿ ಕೊಡುತ್ತಿದ್ದದ್ದು ಅದು. ಅವರ ಹೆಸರು ಹೇಳಿಕೊಂಡು ಅಂಚೆಯಲ್ಲಿ ಪುಡಿ ಕಳಿಸುವವರು ಆ ಪದ್ಧತಿಗೂ ಅನ್ಯಾಯ ಮಾಡುತ್ತಿದ್ದಾರೆ.

ಉಪ್ಪುನೀರು ಕುಡಿದು ಕರುಳು ತೊಳೆಯುವ ಶಂಖ ಪ್ರಕ್ಷಾಲನವನ್ನು ವೀಡಿಯೋ ನೋಡಿ ಮನೆಯಲ್ಲಿ ಮಾಡುವವರಿದ್ದಾರೆ. ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ತೊಂದರೆ ಇರುವವರಿಗೆ ಅಷ್ಟು ಉಪ್ಪು ಒಮ್ಮೆಲೇ ಹೋಗುವುದು ಅಪಾಯಕರ. ಗರ್ಭಿಣಿಯರು, ವೃದ್ಧರು, ಕರುಳಿನ ಹುಣ್ಣು ಇರುವವರು ಯಾವ ರೀತಿಯ “ಶುದ್ಧಿ”ಗೂ ಕೈಹಾಕಬಾರದು. ಫಿಟ್ಸ್, ಸಕ್ಕರೆ ಕಾಯಿಲೆ, ಹೃದಯದ ಮಾತ್ರೆ ತೆಗೆದುಕೊಳ್ಳುವವರಿಗೆ ಭೇದಿಯಾದರೆ ಆ ಮಾತ್ರೆಗಳೂ ಮೈಗೆ ಹತ್ತದೆ ಹೋಗಬಹುದು.

ಶುಚಿತ್ವಕ್ಕೆ ನಮ್ಮಲ್ಲಿ ಎಷ್ಟು ಮಹತ್ವವಿದೆ ಎಂದು ನಿಮಗೆ ಹೇಳಬೇಕಾಗಿಲ್ಲ. ವ್ಯಾಪಾರಿಗಳು ಆ ಮಾತನ್ನೇ ಹಿಡಿದು “ಹೊರಗೆ ತೊಳೆಯುತ್ತೀರಿ, ಒಳಗೆ ಬೇಡವೇ?” ಎಂದು ಕೇಳುತ್ತಾರೆ. ಹೊರಗಿನದನ್ನು ತೊಳೆಯುವ ಕೈ ನಮ್ಮದು. ಒಳಗಿನದಕ್ಕೆ ಸೃಷ್ಟಿಕರ್ತನೇ ವ್ಯವಸ್ಥೆ ಮಾಡಿದ್ದಾನೆ. ಅದನ್ನು ಕೆಡಿಸದಿರುವುದೇ ನಮ್ಮ ಕರ್ತವ್ಯ.

ಯಾವಾಗ ಬೇಕು?

ಕರುಳನ್ನು ಖಾಲಿ ಮಾಡುವುದು ನಿಜವಾಗಿ ಬೇಕಾಗುವ ಸಂದರ್ಭಗಳಿವೆ. ಕೊಲೊನೋಸ್ಕೋಪಿಗೆ ಮುನ್ನ ಲವಣಗಳನ್ನು ಸಮತೋಲನಗೊಳಿಸಿದ ದ್ರಾವಣವನ್ನು ಕುಡಿಯಲು ಕೊಡುತ್ತಾರೆ. ಒಳಗೋಡೆ ಸ್ಪಷ್ಟವಾಗಿ ಕಾಣಬೇಕಾದದ್ದೇ ಅದಕ್ಕೆ ಕಾರಣ, ಆರೋಗ್ಯ ಹೆಚ್ಚಲೆಂದಲ್ಲ. ಮಲ ಗಟ್ಟಿಯಾಗಿ ಸಿಕ್ಕಿಹಾಕಿಕೊಂಡ ವೃದ್ಧರಿಗೆ ಎನಿಮಾ ಕೊಡುವುದುಂಟು. ಇವೆಲ್ಲ ವೈದ್ಯರ ಸೂಚನೆಯಂತೆ, ಒಂದು ನಿರ್ದಿಷ್ಟ ಕಾರಣಕ್ಕೆ ನಡೆಯುವಂಥವು.

ಹಾಗಾದರೆ ನಾವು ಮಾಡಬೇಕಾದ್ದೇನು?

ಮೊದಲನೆಯದಾಗಿ, ದಿನಕ್ಕೊಮ್ಮೆ ಹೋಗದಿದ್ದರೆ ರೋಗವೆಂದು ಹೆದರಬೇಡಿ. ದಿನಕ್ಕೆ ಮೂರು ಬಾರಿಯಿಂದ ವಾರಕ್ಕೆ ಮೂರು ಬಾರಿಯವರೆಗೆ ಸಹಜವೆಂದೇ ವೈದ್ಯರು ಪರಿಗಣಿಸುತ್ತಾರೆ.

ಎರಡನೆಯದು ಆಹಾರ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರಿನಂಶ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 100 ಗ್ರಾಂ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 3 ಗ್ರಾಂ ನಾರಿದ್ದರೆ ಅಷ್ಟೇ ರಾಗಿಯಲ್ಲಿ ಸುಮಾರು 11 ಗ್ರಾಂ ಇದೆ. ರಾಗಿಮುದ್ದೆ, ಜೋಳದ ರೊಟ್ಟಿ, ಹೆಸರುಕಾಳು, ಹುರುಳಿ, ಸೊಪ್ಪು, ಸೀಬೆಹಣ್ಣು ಇವೆಲ್ಲ ಯಾವ ಡಬ್ಬಿಗಿಂತಲೂ ಅಗ್ಗ. ಬಿರಿಯಾನಿ, ಪರೋಟದ ದಿನವೂ ಪಕ್ಕದಲ್ಲಿ ಸೌತೆಕಾಯಿ, ಈರುಳ್ಳಿ, ಸೊಪ್ಪಿನ ಪಲ್ಯ ಇರಲಿ. ಇಸಬ್ಗೋಲ್ ತೆಗೆದುಕೊಳ್ಳುವುದಾದರೆ ತುಂಬ ನೀರಿನೊಂದಿಗೆ ತೆಗೆದುಕೊಳ್ಳಿ, ಒಣಗಿದ್ದನ್ನು ನುಂಗಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಮೂರನೆಯದು ಅಭ್ಯಾಸ. ಬೆಳಗಿನ ತಿಂಡಿಯ ನಂತರ ಕರುಳು ತಾನಾಗಿ ಚುರುಕಾಗುತ್ತದೆ. ಬಸ್ಸಿಗೆ, ತರಗತಿಗೆ ತಡವಾಗುತ್ತದೆಂದು ಆ ಸೂಚನೆಯನ್ನು ತಡೆಯಬೇಡಿ. ಶಾಲೆಯ ಶೌಚಾಲಯ ಗಲೀಜೆಂದು ನಮ್ಮ ಹೆಣ್ಣುಮಕ್ಕಳು ಇಡೀ ದಿನ ತಡೆದುಕೊಳ್ಳುವುದುಂಟು, ನೀರನ್ನೂ ಕುಡಿಯದೆ ಇರುವುದುಂಟು. ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ನಮ್ಮ ಮಕ್ಕಳು ಓದುವ ಶಾಲೆ, ಹಾಸ್ಟೆಲ್‌ಗಳ ಶೌಚಾಲಯಗಳಲ್ಲಿ ನೀರು, ಬಾಗಿಲು, ಬೆಳಕು ಇದೆಯೇ ಎಂದು ಹೋಗಿ ನೋಡಿ. ನೂರು ಡಬ್ಬಿ ಪುಡಿಗಿಂತ ಅದು ಹೆಚ್ಚು ಉಪಕಾರ ಮಾಡುತ್ತದೆ.

ರಂಜಾನ್ ತಿಂಗಳಲ್ಲಿ ಅನೇಕರಿಗೆ ಮಲಬದ್ಧತೆ ಕಾಡುತ್ತದೆ. ಇಫ್ತಾರ್‌ನಲ್ಲಿ ಬರಿಯ ಸಮೋಸ, ಪಕೋಡ ತಿಂದು ನೀರು ಮರೆತರೆ ಹೀಗಾಗುತ್ತದೆ. ಖರ್ಜೂರ, ಹಣ್ಣು ತಿನ್ನಿ, ಇಫ್ತಾರ್‌ನಿಂದ ಸಹರಿಯವರೆಗೆ ಆಗಾಗ ನೀರು ಕುಡಿಯಿರಿ, ತರಾವೀಹ್‌ಗೆ ನಡೆದೇ ಹೋಗಿ. ಉಪವಾಸದ ನಡುವೆ ಭೇದಿ ಔಷಧಿ ತೆಗೆದುಕೊಂಡು ನೀರು ಕಳೆದುಕೊಳ್ಳಬೇಡಿ, ಸಕ್ಕರೆ ಕಾಯಿಲೆಯವರಂತೂ ಖಂಡಿತ ಬೇಡ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ವಾರಗಟ್ಟಲೆ ಬದಲಾದ ಮಲವಿಸರ್ಜನೆಯ ಅಭ್ಯಾಸ, ಬಿಡದ ಹೊಟ್ಟೆನೋವು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದ ಇತಿಹಾಸ ಇವುಗಳಲ್ಲಿ ಒಂದಿದ್ದರೂ ವೈದ್ಯರಿಗೆ ತೋರಿಸಿ. ನಾಚಿಕೆ ಬೇಡ. ವೈದ್ಯರಿಗೆ ಇದು ದಿನನಿತ್ಯದ ಮಾತು. ತಾಯಂದಿರು ಮಹಿಳಾ ವೈದ್ಯರನ್ನು ಕೇಳಿ ಹೋಗಬಹುದು. ಹೋಗುವುದನ್ನು ಮಾತ್ರ ಮುಂದೂಡಬೇಡಿ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲಿ ಜಾಹೀರಾತು ಓದಬಲ್ಲವರು, ಡಬ್ಬಿಯ ಹಿಂದಿನ ಸಣ್ಣಕ್ಷರ ಓದಬಲ್ಲವರು ನೀವೇ. ಕ್ಯಾನ್ಸರ್, ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಅಪರಾಧವೆಂಬುದು ನಿಮಗೆ ತಿಳಿದಿರಲಿ. ಅಪ್ಪ, ಅಮ್ಮ, ಅಜ್ಜಿ ಅಂಥ ಡಬ್ಬಿ ತರಿಸಿದ್ದರೆ ಜಗಳವಾಡಬೇಡಿ. ಪಕ್ಕದಲ್ಲಿ ಕುಳಿತು ಏಕೆ ಬೇಕಾಯಿತು ಎಂದು ಕೇಳಿ. ಅವರಿಗಿರುವ ತೊಂದರೆಯನ್ನು ಅವರು ಮೊದಲ ಸಲ ಬಾಯಿಬಿಟ್ಟು ಹೇಳುವುದು ನಿಮ್ಮ ಮುಂದೆಯೇ ಆಗಿರಬಹುದು. ಕಲಿತ ವಿದ್ಯೆ ಅಷ್ಟಕ್ಕೆ ಉಪಯೋಗವಾದರೂ ಅದು ಸಾರ್ಥಕ.